ಮೆಕ್ಯಾನಿಕಲ್ ಓದಿದವನು ಪೇಟೆಂಟ್ ವಕೀಲನಾಗಬಹುದೇ?

ಪ್ರಶ್ನೆ: ಮೇಡಂ, ನಾನು ಸಕಲೇಶಪುರ ತಾಲ್ಲೂಕಿನವನು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಹಾಸನದಲ್ಲಿ ಮೆಕ್ಯಾನಿಕಲ್ ಬಿಇ ಮುಗಿಸಿ, ಎರಡು ವರ್ಷದಿಂದ ಇಲ್ಲೇ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಕೆಲಸ ಬೇಸರ ಬಂದಿದೆ. ಇಂಜಿನಿಯರಿಂಗ್ ಓದಿದವರಿಗೆ ಪೇಟೆಂಟ್ ವಕೀಲಿಕೆಯಲ್ಲಿ ಒಳ್ಳೆಯ ಅವಕಾಶ ಇದೆ ಎಂದು ಗೆಳೆಯನೊಬ್ಬ ಹೇಳಿದ. ವಾದ ಮಾಡುವುದು ನನಗೆ ಮೊದಲಿಂದಲೂ ಇಷ್ಟ. ಕೆಲಸ ಬಿಟ್ಟು ಎಲ್‌ಎಲ್‌ಬಿ ಸೇರಲೇ? ಇಂಗ್ಲಿಷ್ ಅಷ್ಟಕ್ಕಷ್ಟೇ, ತೊಂದರೆ ಆಗುತ್ತದೆಯೇ? ಹಾಸನದಲ್ಲೇ ಇದ್ದು ಈ ಕೆಲಸ ಮಾಡಬಹುದೇ? ಅಪ್ಪ ‘ಇಂಜಿನಿಯರಿಂಗ್ ಓದಿಸಿದ್ದು ಕರಿಕೋಟು ಹಾಕ್ಕೊಳ್ಳೋಕಾ’ ಅಂತಿದ್ದಾರೆ. ಇನ್ನೊಂದು ವಿಷಯ. ನಮ್ಮ ಚಿಕ್ಕಪ್ಪ ತೋಟದಲ್ಲಿ ಮರಗಸಿ ಮಾಡಲು, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯಲು, ಹೊಸದೊಂದು ಕ್ರಮ ಕಂಡುಕೊಂಡಿದ್ದಾರೆ. ಅದಕ್ಕೆ ಪೇಟೆಂಟ್ ಸಿಗುತ್ತದೆಯೇ?

ಉತ್ತರ: ನಿಮ್ಮ ಅಪ್ಪನ ಮಾತಿನಿಂದಲೇ ಶುರು ಮಾಡುತ್ತೇನೆ. ಇದೇ ಮಾತು ನಮ್ಮ ಮನೆಯಲ್ಲೂ ಬಂದಿತ್ತು. ನಾನು ಬೇಲೂರಿನ ಕಡೆಯವಳು, ನಿಮ್ಮ ಹಾಗೆ ಹಾಸನದಲ್ಲೇ ಮೆಕ್ಯಾನಿಕಲ್ ಓದಿದವಳು. ‘ಲೇತ್ ಬಿಟ್ಟು ಲಾ ಹಿಡೀತೀಯಾ?’ ಎಂದು ನಮ್ಮಪ್ಪ ಕೇಳಿದ್ದರು. ಅವರಿಗೆ ಅವತ್ತು ಸರಿಯಾಗಿ ಉತ್ತರ ಕೊಡಲು ನನಗೆ ಬರಲಿಲ್ಲ. ನಿಮ್ಮ ಅಪ್ಪನಿಗೆ ಹೀಗೆ ಹೇಳಿ ನೋಡಿ: ಪೇಟೆಂಟ್ ಕೆಲಸ ಶುರು ಮಾಡಲು ಎಲ್‌ಎಲ್‌ಬಿ ಬೇಕೇ ಬೇಕು ಅಂತಿಲ್ಲ. ಬಿಇ ಥರದ ಪದವಿ ಮಾತ್ರ ಬೇಕೇ ಬೇಕು.

ಇದು ಬಹಳ ಜನಕ್ಕೆ ಗೊತ್ತಿಲ್ಲ. 1970ರ ಪೇಟೆಂಟ್ ಕಾಯ್ದೆಯಲ್ಲಿ ‘ಪೇಟೆಂಟ್ ಏಜೆಂಟ್’ ಎಂಬ ಹುದ್ದೆ ಇದೆ. ಏಜೆಂಟ್ ಅಂದ ಕೂಡಲೇ ಎಲ್‌ಐಸಿ ನೆನಪಾಗುತ್ತದೆ, ಏನು ಮಾಡುವುದು, ಕಾಯ್ದೆಯಲ್ಲಿರುವ ಹೆಸರೇ ಅದು. ಅರ್ಜಿ ಬರೆದು ಪೇಟೆಂಟ್ ಕಚೇರಿಗೆ ಸಲ್ಲಿಸುವುದು, ಅಲ್ಲಿಂದ ಬರುವ ಆಕ್ಷೇಪಣೆಗೆ ಉತ್ತರ ಕೊಡುವುದು, ಅರ್ಜಿಯನ್ನು ತೀರ್ಮಾನಿಸುವ ಅಧಿಕಾರಿಯಾದ ಕಂಟ್ರೋಲರ್ ಎದುರು ಹಾಜರಾಗುವುದು, ಇವೆಲ್ಲ ಏಜೆಂಟರ ಕೆಲಸ. ಏಜೆಂಟ್ ಆಗಲು ಭಾರತದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು, ವಿಜ್ಞಾನ, ಇಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಇರಬೇಕು. ಅದರ ಮೇಲೆ ಪೇಟೆಂಟ್ ಕಚೇರಿಯವರು ನಡೆಸುವ ಪರೀಕ್ಷೆ ಪಾಸಾಗಬೇಕು. ಬಿಎ ಮಾಡಿ ಎಲ್‌ಎಲ್‌ಬಿ ಮಾಡಿದ ಹಿರಿಯ ವಕೀಲರು ಈ ಪರೀಕ್ಷೆಗೆ ಕೂರುವ ಹಾಗಿಲ್ಲ. ನೀವು ಕೂರಬಹುದು. ಕರಿಕೋಟಿನ ಮಾತು ಆಮೇಲಿನದು.

ಪರೀಕ್ಷೆ ಒಟ್ಟು 250 ಅಂಕಕ್ಕೆ. ಮೊದಲ ಪತ್ರಿಕೆ 100 ಅಂಕ, ಕಾಯ್ದೆ ಮತ್ತು ನಿಯಮಗಳ ಮೇಲೆ. ಎರಡನೆಯದೂ 100, ಪೇಟೆಂಟ್ ಅರ್ಜಿ ಬರೆಯುವುದು ಮತ್ತು ಅರ್ಥ ಮಾಡಿಕೊಳ್ಳುವುದರ ಮೇಲೆ. ಉಳಿದ 50 ಮೌಖಿಕ. ಎರಡು ಪತ್ರಿಕೆಯಲ್ಲೂ ತಲಾ 50 ಬರಬೇಕು, ಒಟ್ಟಾರೆ ನೂರಕ್ಕೆ 60 ಆಗಬೇಕು. ಮೊದಲ ಪತ್ರಿಕೆ ಉರು ಹೊಡೆದರೆ ದಾಟಬಹುದು. ಎರಡನೆಯದರಲ್ಲಿ ಉರು ನಡೆಯುವುದಿಲ್ಲ. ಒಂದು ತೊಡಕು ಮೊದಲೇ ಹೇಳಿಬಿಡುತ್ತೇನೆ. ಈ ಪರೀಕ್ಷೆ ಪ್ರತಿ ವರ್ಷ ತಪ್ಪದೆ ನಡೆಯುವುದಿಲ್ಲ. 2018ರಲ್ಲಿ ಆದದ್ದು ಮತ್ತೆ ನಡೆದದ್ದು 2023ರ ಮೇನಲ್ಲಿ. ಅದರ ನಂತರ 2025ರ ಜನವರಿಯಲ್ಲಿ. ಆದ್ದರಿಂದ ಪರೀಕ್ಷೆ ನಂಬಿಕೊಂಡು ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಡಿ. ಪ್ರಕಟಣೆ ಬಂದ ದಿನ ಅರ್ಧ ಓದಿ ಮುಗಿಸಿರಬೇಕು, ಹಾಗೆ ತಯಾರಾಗಿ.

ಈಗ ‘ವಾದ ಮಾಡುವುದು ಇಷ್ಟ’ ಎಂಬ ಮಾತಿಗೆ ಬರುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ, ಈ ಕೆಲಸದಲ್ಲಿ ಬಾಯಿಗೆ ಕೆಲಸ ಕಡಿಮೆ. ಹತ್ತು ದಿನದಲ್ಲಿ ಏಳೆಂಟು ದಿನ ಒಬ್ಬರೇ ಕೂತು ಓದುವುದು, ಬರೆಯುವುದು. ಜಪಾನಿನ ಹಳೆಯ ಪೇಟೆಂಟೊಂದರ ಕಂಪ್ಯೂಟರ್ ಅನುವಾದವನ್ನು ಮೂರು ಸಲ ಓದಿ, ಅವನು ಹೇಳಿದ ‘ತಡೆಯುವ ತುಂಡು’ ನಟ್ಟೋ ವಾಷರೋ ಎಂದು ಚಿತ್ರ ನೋಡಿ ಪತ್ತೆ ಹಚ್ಚುವುದು. ಅದರಲ್ಲಿ ಖುಷಿ ಸಿಕ್ಕಿದರೆ ನೀವು ಈ ಕಡೆಯವರು. ಸಿಗದಿದ್ದರೆ ಬೇರೆ ಥರದ ವಕೀಲಿಕೆ ಬೇಕಾದಷ್ಟಿದೆ.

ಬರೆಯುವುದು ಅಂದೆನಲ್ಲ, ಅದು ಎಂಥ ಬರವಣಿಗೆ ಎಂಬುದಕ್ಕೆ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಯಂತ್ರದ ವಿವರ ಸ್ವಲ್ಪ ಬದಲಿಸಿದ್ದೇನೆ, ಕಕ್ಷಿದಾರರ ಗುಟ್ಟು ಕಾಪಾಡಬೇಕಲ್ಲ.

ನಾನು ಬೆಂಗಳೂರಿನ ಒಂದು ಪೇಟೆಂಟ್ ಆಫೀಸಿಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಚಿಕ್ಕಮಗಳೂರಿನ ಕಡೆಯ ಒಬ್ಬ ಫ್ಯಾಬ್ರಿಕೇಟರ್ ಬಂದರು. ಕಾಳುಮೆಣಸನ್ನು ಗೊಂಚಲಿನಿಂದ ಬಿಡಿಸುವ ಯಂತ್ರ ಮಾಡಿದ್ದರು. ತಿರುಗುವ ಡ್ರಮ್ಮು, ಅದರ ಎದುರು ಒಂದು ಪ್ಲೇಟು, ನಡುವೆ ಸಂದು. ಗೊಂಚಲು ಆ ಸಂದಿಯಲ್ಲಿ ಇಳಿದರೆ ಕಾಳು ಉದುರುತ್ತದೆ. ಇಂಥವು ಆಗಲೇ ಮಾರುಕಟ್ಟೆಯಲ್ಲಿದ್ದವು. ಇವರ ಹೊಸತೇನು ಅಂದರೆ, ದಪ್ಪ ಗೊಂಚಲು ಬಂದಾಗ ಪ್ಲೇಟು ತಾನೇ ಸ್ವಲ್ಪ ಹಿಂದಕ್ಕೆ ಸರಿದು, ಗೊಂಚಲು ದಾಟಿದ ಮೇಲೆ ಮತ್ತೆ ಮುಂದಕ್ಕೆ ಬರುತ್ತಿತ್ತು. ಹಾಗಾಗಿ ಕಾಳು ಜಜ್ಜಿ ಹೋಗುತ್ತಿರಲಿಲ್ಲ. ಪ್ಲೇಟಿನ ಹಿಂದೆ ಎರಡು ಸ್ಪ್ರಿಂಗ್ ಇದ್ದವು. ಅವರು ವಿವರಿಸುವಾಗ ಅಂಗೈಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ಮತ್ತೆ ಮತ್ತೆ ಒಂದೇ ಮಾತು ಹೇಳಿದರು: ‘ಒತ್ತಡ ಬಿದ್ದಾಗ ಬಿಟ್ಟುಕೊಡಬೇಕು ಮೇಡಂ. ಬಿಟ್ಟುಕೊಟ್ಟು ವಾಪಸ್ ಬರಬೇಕು.’

ನಾನು ನೋಟ್‌ಪುಸ್ತಕದಲ್ಲಿ ಬರೆದುಕೊಂಡದ್ದು ‘ಎರಡು ಕಾಯಿಲ್ ಸ್ಪ್ರಿಂಗ್’.

ಪೇಟೆಂಟಿನ ಜೀವ ಇರುವುದು ಕ್ಲೇಮಿನಲ್ಲಿ. ಚಿತ್ರ, ವಿವರಣೆ ಎಷ್ಟೇ ಪುಟ ಇರಲಿ, ಕೊನೆಯಲ್ಲಿ ನಂಬರ್ ಹಾಕಿ ಬರೆದ ಆ ಕೆಲವು ವಾಕ್ಯಗಳೇ ಜಮೀನಿನ ಚಕ್ಕುಬಂದಿ ಇದ್ದ ಹಾಗೆ. ಬೇಲಿಯ ಒಳಗೆ ಬಂದವನು ಅತಿಕ್ರಮಣ ಮಾಡಿದವನು. ಹೊರಗೆ ನಿಂತವನನ್ನು ಏನೂ ಕೇಳುವ ಹಾಗಿಲ್ಲ. ನಾನು ಮೊದಲ ಕ್ಲೇಮಿನಲ್ಲೇ ‘ಪ್ಲೇಟಿನ ಹಿಂಬದಿಗೆ ಜೋಡಿಸಿದ ಎರಡು ಕಾಯಿಲ್ ಸ್ಪ್ರಿಂಗ್‌ಗಳು’ ಎಂದು ಬರೆದೆ. ಅರ್ಜಿ ನೋಡಬೇಕಾದ ಹಿರಿಯರು ಅವಸರದಲ್ಲಿದ್ದರು, ಸಹಿ ಮಾಡಿದರು. ಪೇಟೆಂಟೂ ಸಿಕ್ಕಿತು. ಸಂತೋಷಪಟ್ಟು ಆ ಪುಣ್ಯಾತ್ಮರು ನಮಗೆಲ್ಲ ಒಂದೊಂದು ಕೆಜಿ ಮೆಣಸು ಕಳಿಸಿದರು.

ಎರಡು ವರ್ಷದ ನಂತರ ಬೇರೆಯವರು ಅದೇ ಯಂತ್ರ ತಂದರು. ಸ್ಪ್ರಿಂಗ್ ಇರುವ ಕಡೆ ಒಂದು ರಬ್ಬರ್ ದಿಂಡು. ಕೆಲಸ ಥೇಟ್ ಅದೇ. ‘ರಬ್ಬರೂ ಸ್ಪ್ರಿಂಗೂ ಇಲ್ಲಿ ಒಂದೇ ಕೆಲಸ ಮಾಡುತ್ತವೆ, ಆದ್ದರಿಂದ ಒಂದೇ ಎಂದು ಪರಿಗಣಿಸಬೇಕು’ ಎಂದು ಕೋರ್ಟಿನಲ್ಲಿ ವಾದಿಸುವ ದಾರಿ ಇತ್ತು. ಆದರೆ ಆ ದಾರಿ ಉದ್ದ, ಖರ್ಚು ಜಾಸ್ತಿ, ಫಲ ಖಾತ್ರಿ ಇಲ್ಲ. ಕ್ಲೇಮನ್ನೇ ತಿದ್ದೋಣ ಅಂದರೆ ಕಾಯ್ದೆ ಬಿಡುವುದಿಲ್ಲ. ತಿದ್ದಿದ ಕ್ಲೇಮು ಮೊದಲಿನ ಕ್ಲೇಮಿನ ಬೇಲಿಯೊಳಗೇ ಇರಬೇಕು. ಬೇಲಿಯನ್ನು ಕಿರಿದು ಮಾಡಿಕೊಳ್ಳಬಹುದು, ಹೊರಗೆ ತಳ್ಳುವ ಹಾಗಿಲ್ಲ. ನಮ್ಮ ಫ್ಯಾಬ್ರಿಕೇಟರ್ ಕೇಸು ಹಾಕಲಿಲ್ಲ.

ಆ ರಾತ್ರಿ ನನ್ನ ಹಳೆಯ ನೋಟ್‌ಪುಸ್ತಕ ತೆಗೆದು ನೋಡಿದೆ. ‘ಬಿಟ್ಟುಕೊಡಬೇಕು, ವಾಪಸ್ ಬರಬೇಕು’ ಎಂಬುದು ಎಲ್ಲೂ ಇರಲಿಲ್ಲ. ನಾನು ಬರೆದುಕೊಂಡೇ ಇರಲಿಲ್ಲ. ಸರಿಯಾದ ಕ್ಲೇಮನ್ನು ಅವರು ಕನ್ನಡದಲ್ಲಿ, ನನ್ನ ಮುಂದೆ ಕೂತು, ನಾಲ್ಕು ಸಲ ಹೇಳಿದ್ದರು. ಒತ್ತಡಕ್ಕೆ ಬಿಟ್ಟುಕೊಟ್ಟು ವಾಪಸ್ ಬರುವ ಯಾವುದೇ ಭಾಗ. ಸ್ಪ್ರಿಂಗೋ, ರಬ್ಬರೋ, ಬಾಗುವ ಪಟ್ಟಿಯೋ, ಎಲ್ಲ ಅದರೊಳಗೆ ಬರುತ್ತಿತ್ತು. ಸ್ಪ್ರಿಂಗನ್ನು, ಮೊದಲನೆಯದಕ್ಕೆ ಹೆಚ್ಚಿನ ವಿವರ ಸೇರಿಸುವ ಎರಡನೇ ಕ್ಲೇಮಿಗೆ ಇಟ್ಟುಕೊಳ್ಳಬಹುದಿತ್ತು. ಇಂಜಿನಿಯರ್ ಆಗಿ ನನ್ನ ಕಣ್ಣಿಗೆ ಬಿದ್ದದ್ದು ಬಿಡಿಭಾಗ. ಅವರು ಹೇಳಿದ್ದು ಅದು ಮಾಡುವ ಕೆಲಸವನ್ನು.

ನಿಮ್ಮ ಇಂಗ್ಲಿಷ್ ಭಯಕ್ಕೆ ಉತ್ತರವೂ ಇದರಲ್ಲೇ ಇದೆ. ಭಾರತದಲ್ಲಿ ಪೇಟೆಂಟ್ ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರಬೇಕು, ಕನ್ನಡದಲ್ಲಿ ಸಲ್ಲಿಸಲು ಆಗುವುದಿಲ್ಲ. ಹಾಗಾಗಿ ಇಂಗ್ಲಿಷ್ ಕಲಿಯಲೇಬೇಕು. ಆದರೆ ಇದು ಕಾದಂಬರಿಯ ಇಂಗ್ಲಿಷ್ ಅಲ್ಲ. ಒಂದು ಕ್ಲೇಮು ಅಂದರೆ ಒಂದೇ ವಾಕ್ಯ, ಎಷ್ಟು ಉದ್ದವಾದರೂ. ಒಂದು ಭಾಗಕ್ಕೆ ಒಮ್ಮೆ ಇಟ್ಟ ಹೆಸರು ಕೊನೆವರೆಗೂ ಅದೇ. ಶಾಲೆಯಲ್ಲಿ ‘ಒಂದೇ ಪದ ಮತ್ತೆ ಮತ್ತೆ ಬಳಸಬೇಡಿ’ ಎಂದು ಕಲಿಸಿದ್ದನ್ನು ಇಲ್ಲಿ ಮರೆಯಬೇಕು. ‘ಕಂಪ್ರೈಸಿಂಗ್’ ಎಂದು ಬರೆದರೆ ‘ಇವು ಇವೆ, ಇನ್ನೂ ಬೇರೆಯದು ಇದ್ದರೂ ಇರಲಿ’ ಎಂದರ್ಥ. ‘ಕನ್ಸಿಸ್ಟಿಂಗ್ ಆಫ್’ ಎಂದರೆ ‘ಇಷ್ಟೇ, ಇನ್ನೇನೂ ಇಲ್ಲ’. ಎದುರಾಳಿ ನಿಮ್ಮ ಯಂತ್ರಕ್ಕೆ ಒಂದು ಸುಮ್ನೆ ಬಲ್ಬ್ ಸಿಕ್ಕಿಸಿ, ‘ಇದು ಬೇರೆ’ ಎಂದು ಜಾರಿಕೊಳ್ಳಲು ಎರಡನೇ ಪದವೇ ಸಾಕು. ಇಂಥ ನೂರಿನ್ನೂರು ಮಾತುಗಳ ತೂಕ ಗೊತ್ತಾದರೆ ಬರೆಯಬಹುದು. ಇಂಗ್ಲಿಷ್ ಪಟಪಟ ಮಾತಾಡುವ ಎಷ್ಟೋ ಜನ ಈ ವಾಕ್ಯ ಬರೆಯಲು ತಿಣುಕುವುದನ್ನು ಕಂಡಿದ್ದೇನೆ. ಅದೇ ಹೊತ್ತಿಗೆ, ಗ್ಯಾರೇಜಿನಲ್ಲಿ ನಿಂತು ‘ಬಿಟ್ಟುಕೊಡಬೇಕು’ ಎಂಬ ಮಾತನ್ನು ಹಿಡಿಯಬಲ್ಲ ಕನ್ನಡದ ಕಿವಿ ನಿಮಗಿದೆ. ಅದನ್ನು ಕೋಚಿಂಗ್ ಸೆಂಟರಿನಲ್ಲಿ ಕಲಿಸುವುದಿಲ್ಲ.

ಎಲ್‌ಎಲ್‌ಬಿ ಈಗಲೇ ಬೇಕೇ? ನನ್ನ ಅಭಿಪ್ರಾಯದಲ್ಲಿ ಬೇಡ. ಮೂರು ವರ್ಷದ ಎಲ್‌ಎಲ್‌ಬಿ ಯಾವುದೇ ಪದವೀಧರರಿಗೆ ತೆರೆದಿದೆ, ಹಾಸನದಲ್ಲೇ ಕಾನೂನು ಕಾಲೇಜಿದೆ. ಆದರೆ ಬಾರ್ ಕೌನ್ಸಿಲ್ ದೂರಶಿಕ್ಷಣದ ಎಲ್‌ಎಲ್‌ಬಿಯನ್ನು ಒಪ್ಪುವುದಿಲ್ಲ. ತರಗತಿಗೆ ಹೋಗಬೇಕು, ಹಾಜರಿ ಬೇಕು. ಕಾರ್ಖಾನೆಯ ಶಿಫ್ಟ್ ಮಾಡುತ್ತ ಓದುತ್ತೇನೆ ಅಂದರೆ ಎರಡೂ ಹಾಳು. ಮೊದಲು ಯಾವುದಾದರೂ ಪೇಟೆಂಟ್ ಆಫೀಸಿಗೆ ಸೇರಿ. ಬೆಂಗಳೂರಿನಲ್ಲಿ ಹುಡುಕಾಟದ ಕೆಲಸಕ್ಕೆ, ಅಂದರೆ ಒಂದು ಆವಿಷ್ಕಾರ ನಿಜವಾಗಿ ಹೊಸದೇ ಎಂದು ಹಳೆಯ ದಾಖಲೆ ತಡಕುವ ಕೆಲಸಕ್ಕೆ, ಬಿಇ ಆದವರನ್ನು ತೆಗೆದುಕೊಳ್ಳುತ್ತಾರೆ. ಎರಡು ವರ್ಷ ಅಲ್ಲಿರಿ. ಏಜೆಂಟ್ ಪರೀಕ್ಷೆ ಪಾಸಾಗಿ. ಆಮೇಲೂ ಕೋರ್ಟಿನ ಕಡೆ ಮನಸ್ಸು ಎಳೆದರೆ ಎಲ್‌ಎಲ್‌ಬಿ ಮಾಡಿ. ಮೊದಲೇ ಮಾಡಿಬಿಡುತ್ತೇನೆ ಎನ್ನುವವರಿಗೆ ಖರಗ್‌ಪುರ ಐಐಟಿಯಲ್ಲಿ ಇಂಥದ್ದಕ್ಕೆಂದೇ ಕಾನೂನು ಶಾಲೆ ಇದೆ, 2006ರಲ್ಲಿ ಶುರುವಾದದ್ದು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲೂ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿ ಇದೆ. ಎರಡಕ್ಕೂ ಪ್ರವೇಶ ಪರೀಕ್ಷೆ ಬರೆಯಬೇಕು.

ಹಾಗಾದರೆ ಏಜೆಂಟಿಗೂ ವಕೀಲರಿಗೂ ಏನು ವ್ಯತ್ಯಾಸ? ಪೇಟೆಂಟ್ ಕಚೇರಿಯ ಬಾಗಿಲವರೆಗೆ ಏಜೆಂಟ್ ಸಾಕು. ಕೋರ್ಟಿನ ಮೆಟ್ಟಿಲು ಹತ್ತಲು ವಕೀಲರೇ ಬೇಕು. ಪೇಟೆಂಟ್ ಉಲ್ಲಂಘನೆಯ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹಾಕುವ ಹಾಗಿಲ್ಲ. ಎದುರಾಳಿ ‘ಈ ಪೇಟೆಂಟೇ ಅಸಿಂಧು’ ಎಂದು ಪ್ರತಿದಾವೆ ಹಾಕಿದರೆ ಅದು ಹೈಕೋರ್ಟಿಗೆ ಹೋಗುತ್ತದೆ. ಇನ್ನೊಂದು ಮಾತು, ವಕೀಲರಾಗಿ ಸನ್ನದು ಪಡೆದ ಮೇಲೆ ಕಂಪನಿಯೊಂದರ ಪೂರ್ಣಾವಧಿ ಸಂಬಳದ ನೌಕರಿಯಲ್ಲಿದ್ದುಕೊಂಡು ವಕಾಲತ್ತು ನಡೆಸಲು ಆಗುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕು. ಕಂಪನಿಯೊಳಗಿನ ಪೇಟೆಂಟ್ ವಿಭಾಗಕ್ಕೆ ಹೋಗುವ ಆಸೆ ಇದ್ದರೆ ಇದನ್ನು ಯೋಚಿಸಿ.

ಕೋರ್ಟಿನಲ್ಲಿ ಇಂಜಿನಿಯರಿಂಗ್ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎನ್ನುವಿರಾದರೆ, ನಿಮ್ಮ ಲೇತ್‌ನಿಂದಲೇ ಒಂದು ಕೇಸು ಹೇಳುತ್ತೇನೆ. ಉತ್ತರ ಪ್ರದೇಶದ ಪಾತ್ರೆ ತಯಾರಕರ ಜಗಳ ಅದು. ಪಾತ್ರೆಯನ್ನು ಲೇತ್ ಮೇಲೆ ಹಿಡಿದು ನಿಲ್ಲಿಸುವ ಒಂದು ವಿಧಾನಕ್ಕೆ ಒಬ್ಬರು ಪೇಟೆಂಟ್ ಪಡೆದಿದ್ದರು. ಅಲಹಾಬಾದ್ ಹೈಕೋರ್ಟಿನ ಏಕ ನ್ಯಾಯಾಧೀಶರು ಅದನ್ನು ರದ್ದು ಮಾಡಿದರು, ಮೇಲ್ಮನವಿಯಲ್ಲಿ ಅದು ಉಳಿಯಿತು, 1978ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ರದ್ದು ಮಾಡಿತು. ಹಳೆಯದನ್ನೇ ವರ್ಕ್‌ಶಾಪಿನಲ್ಲಿ ಸ್ವಲ್ಪ ಸುಧಾರಿಸಿಕೊಂಡರೆ ಸಾಲದು, ಅದಕ್ಕಿಂತ ಹೆಚ್ಚಿನದು ಏನಾದರೂ ಇರಬೇಕು ಎಂಬುದು ಆ ತೀರ್ಪಿನ ಸಾರ. ಇವತ್ತಿಗೂ ನಾವು ಅದನ್ನು ಉಲ್ಲೇಖಿಸುತ್ತೇವೆ. ಲೇತ್‌ನ ಟೇಲ್‌ಸ್ಟಾಕ್ ಮುಟ್ಟಿ ನೋಡಿದವರಿಗೆ ಆ ತೀರ್ಪು ಒಂದೇ ಓದಿಗೆ ಅರ್ಥವಾಗುತ್ತದೆ. ಮುಟ್ಟದವರು ನಾಲ್ಕು ಸಲ ಓದಬೇಕು. ಬಜಾಜ್ ಮತ್ತು ಟಿವಿಎಸ್ ನಡುವೆ 2007ರಲ್ಲಿ ಶುರುವಾದ ವ್ಯಾಜ್ಯವೂ ಹಾಗೇ. ಸಣ್ಣ ಇಂಜಿನ್ನಿಗೆ ಎರಡು ಸ್ಪಾರ್ಕ್ ಪ್ಲಗ್, ಎದುರಿನವರದು ಮೂರು ವಾಲ್ವ್‌ನ ಇಂಜಿನ್ನು, ಅದು ಕ್ಲೇಮಿನ ಒಳಗೆ ಬರುತ್ತದೋ ಇಲ್ಲವೋ ಎಂದು ಮದ್ರಾಸ್ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋದರು. 2009ರಲ್ಲಿ ಸುಪ್ರೀಂ ಕೋರ್ಟು ಇಂಥ ಕೇಸುಗಳನ್ನು ದಿನವೂ ವಿಚಾರಣೆ ಮಾಡಿ ಬೇಗ ಮುಗಿಸಿ ಎಂದಿತು. ಬೇಗ ಮುಗಿಯಿತೇ ಎಂದು ಮಾತ್ರ ಕೇಳಬೇಡಿ.

ಹಾಸನದಲ್ಲಿದ್ದು ಮಾಡಬಹುದೇ? ಮೊದಲ ಐದಾರು ವರ್ಷ ಕಷ್ಟ. ಕಲಿಸುವವರು ಬೇಕು, ಅವರು ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಇರುತ್ತಾರೆ. ಕಲಿತಾದ ಮೇಲೆ ಖಂಡಿತ ಆಗುತ್ತದೆ, ನಾನೇ ಸಾಕ್ಷಿ. ಪೇಟೆಂಟ್ ಕಚೇರಿಗಳು ಕೋಲ್ಕತ್ತ, ದೆಹಲಿ, ಮುಂಬೈ, ಚೆನ್ನೈಯಲ್ಲಿವೆ. ಕರ್ನಾಟಕ ಚೆನ್ನೈ ಕಚೇರಿಗೆ ಸೇರುತ್ತದೆ. ಅರ್ಜಿ ಸಲ್ಲಿಸುವುದು ಆನ್‌ಲೈನ್, ವಿಚಾರಣೆ ಬಹುತೇಕ ವಿಡಿಯೋದಲ್ಲಿ. ಕಳೆದ ವಾರದ ವಿಚಾರಣೆಯ ನಡುವೆ ನಮ್ಮ ಬೀದಿಯಲ್ಲಿ ಕರೆಂಟು ಹೋಯಿತು. ಮೊಬೈಲಿನಲ್ಲಿ ಮುಗಿಸಿದೆ. ಚೆನ್ನೈ ಕಚೇರಿಯ ಆದೇಶದ ಮೇಲೆ ಮೇಲ್ಮನವಿ ಹಾಕಬೇಕಾದರೆ ಈಗ ಮದ್ರಾಸ್ ಹೈಕೋರ್ಟಿಗೆ ಹೋಗಬೇಕು. ಮೊದಲು ಅದಕ್ಕೆಂದೇ ಇದ್ದ ಮಂಡಳಿಯನ್ನು 2021ರಲ್ಲಿ ಮುಚ್ಚಿದರು.

ಆದರೆ ಹಾಸನ, ಚಿಕ್ಕಮಗಳೂರಿನ ಕಕ್ಷಿದಾರರನ್ನು ನಂಬಿಕೊಂಡೇ ಹೊಟ್ಟೆ ತುಂಬುವುದಿಲ್ಲ. ನನ್ನ ಆದಾಯದ ಹೆಚ್ಚು ಪಾಲು ಈಗಲೂ ಬೆಂಗಳೂರಿನ ಕಂಪನಿಗಳಿಂದಲೇ. ಊರಿನ ಕೆಲಸ ಪ್ರೀತಿಗೆ. ಊರಿನವರು ಬರುವಾಗ ಒಂದು ತಪ್ಪು ಸಾಮಾನ್ಯವಾಗಿ ಮಾಡಿಕೊಂಡೇ ಬಂದಿರುತ್ತಾರೆ. ಯಂತ್ರದ ವಿಡಿಯೋವನ್ನು ಯೂಟ್ಯೂಬಿಗೆ ಹಾಕಿರುತ್ತಾರೆ, ಕೃಷಿ ಮೇಳದಲ್ಲಿ ಓಡಿಸಿ ತೋರಿಸಿರುತ್ತಾರೆ, ಹತ್ತು ಮಾರಿಯೂ ಇರುತ್ತಾರೆ. ಆಮೇಲೆ ‘ಪೇಟೆಂಟ್ ಮಾಡಿಸಿಕೊಡಿ’ ಎನ್ನುತ್ತಾರೆ. ಅರ್ಜಿ ಹಾಕುವ ಮೊದಲೇ ಜಗತ್ತಿಗೆ ತೋರಿಸಿದ್ದು ಹೊಸದಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನದಂಥ ಕೆಲವೇ ವಿನಾಯಿತಿಗಳಿವೆ, ನಮ್ಮ ಮೇಳಗಳು ಅದರಲ್ಲಿ ಬರುತ್ತವೆ ಎಂದು ಭಾವಿಸಬೇಡಿ. ಬೆಣ್ಣೆಯಂಥ ಆವಿಷ್ಕಾರವೊಂದು ಎರಡು ನಿಮಿಷದ ವಿಡಿಯೋದಲ್ಲಿ ಕರಗಿಹೋದದ್ದನ್ನು ಹೇಳಿ ಕಳಿಸುವುದು ಈ ವೃತ್ತಿಯ ಬಹಳ ಬೇಸರದ ಕೆಲಸ.

ಇದನ್ನು ತಪ್ಪಿಸಲು ತಾತ್ಕಾಲಿಕ ಅರ್ಜಿ ಎಂಬುದೊಂದಿದೆ. ವಿವರ ಪೂರ್ತಿ ಆಗದಿದ್ದರೂ ಅದನ್ನು ಹಾಕಿ ದಿನಾಂಕ ಕಾದಿರಿಸಿಕೊಂಡು, 12 ತಿಂಗಳೊಳಗೆ ಪೂರ್ಣ ಅರ್ಜಿ ಕೊಡಬಹುದು. ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ, ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್ ಅರ್ಜಿಯ ಸರ್ಕಾರಿ ಶುಲ್ಕ 1,600 ರೂಪಾಯಿ, ದೊಡ್ಡ ಕಂಪನಿಗಳಿಗೆ 8,000. ಪರಿಶೀಲನೆ ಮಾಡಿ ಎಂದು ಕೇಳಿಕೊಳ್ಳಲು ಬೇರೆ ಶುಲ್ಕ, ಅದನ್ನು 31 ತಿಂಗಳೊಳಗೆ ಕಟ್ಟಬೇಕು. 2024ರ ಮಾರ್ಚಿನ ತಿದ್ದುಪಡಿಗೆ ಮುಂಚೆ ಇದು 48 ತಿಂಗಳಿತ್ತು. ಪರಿಶೀಲನಾ ವರದಿ ಬಂದ ಮೇಲೆ ಉತ್ತರಕ್ಕೆ ಆರು ತಿಂಗಳು. ನಿಮಗೆ ಈ ತಿಂಗಳುಗಳು ಪಂಚಾಂಗದ ಹಾಗೆ ಬಾಯಿಗೆ ಬರಬೇಕು. ಒಂದು ಗಡುವು ತಪ್ಪಿದರೆ ಯಾರದೋ ಹತ್ತು ವರ್ಷದ ದುಡಿಮೆ ಹೋಯಿತು. ಕ್ವಾಲಿಟಿ ವಿಭಾಗದಲ್ಲಿ ಚೆಕ್‌ಲಿಸ್ಟ್ ಹಿಡಿದು ಓಡಾಡಿದ ನಿಮ್ಮ ಅಭ್ಯಾಸ ಇಲ್ಲಿ ಕೈ ಹಿಡಿಯುತ್ತದೆ, ಬೇಸರ ಬಂದಿದೆ ಎಂದು ಅದನ್ನು ಕಡೆಗಣಿಸಬೇಡಿ.

ಚಿಕ್ಕಪ್ಪನ ವಿಷಯ. ಮರಗಸಿ ಮಾಡುವ ಕ್ರಮಕ್ಕೆ, ಅಂದರೆ ಯಾವ ತಿಂಗಳು, ಯಾವ ಕೊಂಬೆ, ಎಷ್ಟು ನೆರಳು ಬಿಡಬೇಕು ಎಂಬುದಕ್ಕೆ, ಪೇಟೆಂಟ್ ಸಿಗುವುದಿಲ್ಲ. ಕೃಷಿ ಮತ್ತು ತೋಟಗಾರಿಕೆಯ ವಿಧಾನಗಳನ್ನು ಕಾಯ್ದೆಯ ಮೂರನೇ ಸೆಕ್ಷನ್ ಸ್ಪಷ್ಟವಾಗಿ ಹೊರಗಿಟ್ಟಿದೆ. ಅವರು ಅದಕ್ಕಾಗಿ ಏನಾದರೂ ಸಲಕರಣೆ ಮಾಡಿದ್ದರೆ, ನೆಲದಲ್ಲೇ ನಿಂತು ಕೊಂಬೆ ಕತ್ತರಿಸುವ ಗಳು ಅನ್ನೋಣ, ಅದು ಬೇರೆ ಮಾತು. ಅದನ್ನು ನೋಡಬಹುದು. ಇನ್ನು ‘ಚಿಕ್ಕಮಗಳೂರು ಅರೇಬಿಕಾ’, ‘ಬಾಬಾಬುಡನ್‌ಗಿರಿ ಅರೇಬಿಕಾ’ ಎಂದು 2019ರಲ್ಲಿ ಕಾಫಿಗೆ ಸಿಕ್ಕಿತಲ್ಲ, ಅದು ಭೌಗೋಳಿಕ ಗುರುತು. ಊರಿಗೆ ಸಿಗುವ ಹಕ್ಕು ಅದು, ಒಬ್ಬರದಲ್ಲ. ಪೇಟೆಂಟಿಗೂ ಅದಕ್ಕೂ ಸಂಬಂಧವಿಲ್ಲ. ವಾರಕ್ಕೊಬ್ಬರಾದರೂ ಎರಡನ್ನೂ ಕಲಸಿಕೊಂಡು ಫೋನ್ ಮಾಡುತ್ತಾರೆ, ಅದಕ್ಕೇ ಹೇಳಿದೆ.

ದುಡ್ಡಿನ ಬಗ್ಗೆ ನೀವು ಕೇಳಿಲ್ಲ, ಅಪ್ಪ ಕೇಳುತ್ತಾರೆ. ಮೊದಲ ಎರಡು ಮೂರು ವರ್ಷ ಸಾಫ್ಟ್‌ವೇರಿಗೆ ಹೋದ ಗೆಳೆಯರ ಸಂಬಳದ ಚೀಟಿ ನೋಡಬೇಡಿ. ಏಜೆಂಟ್ ನೋಂದಣಿ ಆದ ಮೇಲೆ ಸ್ಥಿತಿ ಬದಲಾಗುತ್ತದೆ, ಅಮೆರಿಕದ ಅರ್ಜಿಗಳ ಕರಡು ಬರೆಯುವುದು ಕಲಿತರೆ ಇನ್ನೂ ಬೇಗ. ಸರ್ಕಾರಿ ನೌಕರಿಯೇ ಆಗಬೇಕು ಎಂದು ಅಪ್ಪ ಹಟ ಹಿಡಿದರೆ ಒಂದು ಒಳ್ಳೆಯ ದಾರಿ ಇದೆ. ಅರ್ಜಿಗಳನ್ನು ಪರಿಶೀಲಿಸುವ ಪೇಟೆಂಟ್ ಕಚೇರಿಯ ಪರೀಕ್ಷಕರ ಹುದ್ದೆ. ಗ್ರೂಪ್ ಎ ಗೆಜೆಟೆಡ್, ಮೂಲ ವೇತನ 56,100ರಿಂದ ಶುರು, ಮೆಕ್ಯಾನಿಕಲ್ ಬಿಇ ಆದವರಿಗೆ ಅರ್ಹತೆ ಇದೆ. 2023ರಲ್ಲಿ 553 ಹುದ್ದೆಗಳಿಗೆ ಅರ್ಜಿ ಕರೆದಿದ್ದರು. ಒಟ್ಟು ಹತ್ತು ವರ್ಷ ಪರೀಕ್ಷಕರಾಗಿ ಕೆಲಸ ಮಾಡಿ ಹೊರಬಂದವರು ಪರೀಕ್ಷೆ ಬರೆಯದೇ ಏಜೆಂಟ್ ಆಗಬಹುದು.

ಪೇಟೆಂಟ್ ಕಚೇರಿ ಅಂದರೆ ಎಲ್ಲರೂ ಸ್ವಿಟ್ಜರ್ಲೆಂಡಿನ ಅಂಥದೊಂದು ಕಚೇರಿಯಲ್ಲಿ ಕೆಲಸ ಮಾಡಿದ ಐನ್‌ಸ್ಟೈನ್ ಕತೆ ಹೇಳುತ್ತಾರೆ. ನನಗೆ ಜಾಸ್ತಿ ಇಷ್ಟ ಚೆಸ್ಟರ್ ಕಾರ್ಲ್‌ಸನ್ ಕತೆ. ಭೌತಶಾಸ್ತ್ರ ಓದಿ, ನ್ಯೂಯಾರ್ಕಿನ ಒಂದು ಕಂಪನಿಯ ಪೇಟೆಂಟ್ ವಿಭಾಗದಲ್ಲಿದ್ದು, ರಾತ್ರಿ ಕಾನೂನು ಓದುತ್ತಿದ್ದ. ಪೇಟೆಂಟ್ ಪ್ರತಿಗಳನ್ನು ಎಷ್ಟು ತೆಗೆದರೂ ಸಾಲುತ್ತಿರಲಿಲ್ಲ. ಪುಸ್ತಕಗಳನ್ನು ಕೈಯಲ್ಲಿ ನಕಲು ಮಾಡಿ ಮಾಡಿ ಸೋತ. 1938ರ ಅಕ್ಟೋಬರ್ 22ರಂದು ಬಾಡಿಗೆ ಕೋಣೆಯಲ್ಲಿ ಒಣ ಪುಡಿಯಿಂದ ಮೊದಲ ನಕಲು ತೆಗೆದ. ಅದೇ ಮುಂದೆ ಝೆರಾಕ್ಸ್ ಆಯಿತು. ನಮ್ಮ ಕೋರ್ಟಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಸರದಿ ನಿಂತಾಗಲೆಲ್ಲ ಆತ ನೆನಪಾಗುತ್ತಾನೆ. ಅಪ್ಪನಿಗೆ ಸರ್ ಎಂವಿ ಹೆಸರು ಹೇಳಿದರೆ ಬೇಗ ಒಪ್ಪಬಹುದು. ಅಣೆಕಟ್ಟಿನ ಸ್ವಯಂಚಾಲಿತ ಗೇಟುಗಳಿಗೆ ವಿಶ್ವೇಶ್ವರಯ್ಯನವರು ಪೇಟೆಂಟ್ ಪಡೆದಿದ್ದರು. 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಅವನ್ನು ಕೂರಿಸಿದರು.

ಈಗ ಕೆಲಸ ಬಿಡುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ಖರ್ಚಿಲ್ಲ. ನಿಮ್ಮ ಮನೆಯ ಮೆಟ್ಟುಗತ್ತಿಯನ್ನು, ಅಂದರೆ ಈಳಿಗೆಮಣೆಯನ್ನು, ಮುಂದಿಟ್ಟುಕೊಂಡು ಕೂರಿ. ಜಗತ್ತಿನಲ್ಲಿ ಅದು ಇವತ್ತೇ ಹುಟ್ಟಿತು ಅಂದುಕೊಳ್ಳಿ. ಒಂದೇ ವಾಕ್ಯದಲ್ಲಿ ಅದಕ್ಕೆ ಕ್ಲೇಮು ಬರೆಯಿರಿ.

‘ಮರದ ಮಣೆ’ ಎಂದು ಶುರು ಮಾಡಿದಿರಾ? ಕಬ್ಬಿಣದ ಮಣೆ ಮಾಡಿದವನು ತಪ್ಪಿಸಿಕೊಂಡ. ಮರ ಬಿಟ್ಟು, ‘ಮಣೆಗೆ ಜೋಡಿಸಿದ ಅಲಗು’ ಎಂದಷ್ಟೇ ಬರೆದಿರಾ? ಝೆರಾಕ್ಸ್ ಅಂಗಡಿಯ ಪೇಪರ್ ಕಟರ್ ಕೂಡ ಅದೇ, ನಿಮ್ಮದು ಹೊಸದಲ್ಲ ಎಂದು ಪರೀಕ್ಷಕರು ವಾಪಸ್ ಕಳಿಸುತ್ತಾರೆ. ಬೇಲಿ ತೀರಾ ಕಿರಿದಾದರೆ ಕಳ್ಳ ಹೊರಗೇ ಓಡಾಡುತ್ತಾನೆ, ತೀರಾ ಅಗಲವಾದರೆ ಪಕ್ಕದ ಮನೆಯವರ ಜಾಗ ಒಳಗೆ ಬರುತ್ತದೆ. ಕೂತವರು ಕಾಲಿನಿಂದ ಒತ್ತಿ ಹಿಡಿಯುತ್ತಾರೆ, ಅಲಗು ನಿಂತಲ್ಲೇ ನಿಲ್ಲುತ್ತದೆ, ಎರಡೂ ಕೈಯಲ್ಲಿ ಹಿಡಿದ ತರಕಾರಿಯೇ ಅಲಗಿನ ಕಡೆ ಹೋಗುತ್ತದೆ. ಇದರಲ್ಲಿ ಯಾವುದು ಇಲ್ಲದಿದ್ದರೆ ಅದು ಮೆಟ್ಟುಗತ್ತಿಯೇ ಅಲ್ಲ ಅನ್ನಿಸುತ್ತದೆ? ಅದನ್ನು ಹಿಡಿಯಲು ನಿಮ್ಮ ಅಮ್ಮನನ್ನು ಕೇಳಿ, ದಿನವೂ ಅದರ ಮೇಲೆ ಕೂರುವವರು ಅವರು. ಅವರ ಮಾತನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳಿ. ಮೊದಲು ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷಿಗೆ ಆಮೇಲೆ ತನ್ನಿ.

ಮೂರು ಸಂಜೆ ಇದರ ಜೊತೆ ಕೂತು ಹೊತ್ತು ಹೋದದ್ದು ಗೊತ್ತಾಗಲಿಲ್ಲ ಎಂದಾದರೆ ಬರೆದದ್ದನ್ನು ನನಗೆ ಕಳಿಸಿ, ನೋಡಿ ತಿದ್ದಿಕೊಡುತ್ತೇನೆ. ತುದಿಯಲ್ಲಿ ಕಾಯಿ ತುರಿಯುವ ಹಲ್ಲಿದ್ದರೆ ಅದನ್ನು ಮೊದಲ ಕ್ಲೇಮಿಗೆ ಸೇರಿಸಬೇಡಿ. ಅದು ಎರಡನೆಯದಕ್ಕೆ.